ಮೊನೆ ಮುರಿಯುವ ಪದ

ನಿಘಂಟನ್ನು ಸುಮ್ಮನೆ ಓದುತ್ತಾ ಹೋಗುವ ಸುಖ ಬಲ್ಲವರಿಗೆ ಗೊತ್ತು, ಹುಡುಕಿದ ಪದಕ್ಕಿಂತ ಅದರ ನೆರೆಯ ಪದವೇ ಹೆಚ್ಚು ಹೊತ್ತು ಹಿಡಿದು ನಿಲ್ಲಿಸುತ್ತದೆ. ಇಂಗ್ಲಿಷಿನ ‘ಅಬ್ಟಂಡ್’ ಅಂಥದ್ದು. ಪತ್ರಿಕೆಗಳಲ್ಲಿ ಕಾಣುವುದು ಅಪರೂಪ, ಮಾತಿನಲ್ಲಿ ಕೇಳುವುದು ಇನ್ನೂ ಅಪರೂಪ. ಅರ್ಥ ಸರಳ: ಮೊಂಡಾಗಿಸು, ಮಂಕಾಗಿಸು, ನೋವಿನ ಅಥವಾ ಅರಿವಿನ ತೀಕ್ಷ್ಣತೆ ತಗ್ಗಿಸು. ಇಷ್ಟಕ್ಕೆ ‘ಡಲ್’ ಸಾಲದೇ ಎಂದು ಕೇಳಬಹುದು. ಸಾಲದು ಎಂದೇ ನನ್ನ ವಾದ. ಬಣ್ಣ ಡಲ್, ವ್ಯಾಪಾರ ಡಲ್ ಎನ್ನುವಾಗ ನಾವು ಹೇಳುತ್ತಿರುವುದು ಒಂದು ಸ್ಥಿತಿಯನ್ನು. ಅಬ್ಟಂಡ್ ಎಂದರೆ ಹರಿತವಾಗಿದ್ದ ಒಂದರ ಮೇಲೆ ಇನ್ನೊಂದು ಕೈಮಾಡಿದೆ ಎಂದರ್ಥ.

ಲ್ಯಾಟಿನ್ನಿನಲ್ಲಿ ‘ಟುಂಡೆರೆ’ ಎಂದರೆ ಬಡಿ, ಕುಟ್ಟು. ಎದುರಿನಿಂದ ಬಡಿದು ಮೊಂಡು ಮಾಡುವುದು ‘ಒಬ್‌ಟುಂಡೆರೆ’. ಹೇಳಿದ್ದನ್ನೇ ಹೇಳಿ ತಲೆ ಚಿಟ್ಟು ಹಿಡಿಸುವುದಕ್ಕೂ ರೋಮನ್ನರು ಇದನ್ನೇ ಬಳಸುತ್ತಿದ್ದರು. ಜಜ್ಜುಗಾಯದ ‘ಕಂಟ್ಯೂಷನ್’, 90 ಡಿಗ್ರಿ ಮೀರಿದ ಕೋನದ ‘ಅಬ್ಟ್ಯೂಸ್’ ಎರಡೂ ಇದೇ ಬೇರಿನವು. ಸಂಸ್ಕೃತದ ‘ತುದ್’ ಧಾತು ಇದರ ದಾಯಾದಿ. ಪಾಣಿನೀಯ ಧಾತುಪಾಠದ ಆರನೆಯ ಗಣಕ್ಕೆ ‘ತುದಾದಿ’ ಎಂಬ ಹೆಸರು ಬಂದದ್ದು ಇದರಿಂದ. ಮರ್ಮಕ್ಕೆ ಚುಚ್ಚುವಂಥದ್ದನ್ನು ಹೇಳುವ ‘ಅರುಂತುದ’ದಲ್ಲಿ ಇರುವುದೂ ಇದೇ ಧಾತು. ಒಂದೇ ಬೇರು ಇಲ್ಲಿ ಚುಚ್ಚಿತು, ಅಲ್ಲಿ ಮೊನೆಯನ್ನೇ ಮುರಿಯಿತು! ಇಂಥದ್ದೊಂದು ಸಿಕ್ಕ ಸಂಜೆ ನಿಘಂಟು ಮುಚ್ಚಲು ಮನಸ್ಸಾಗುವುದಿಲ್ಲ. ವ್ಯುತ್ಪತ್ತಿಯೇ ಅರ್ಥವಲ್ಲ, ಬೇರು ತೋರಿಸಿ ಇಂದಿನ ಬಳಕೆಯನ್ನು ಸಾಧಿಸಲಾಗದು ಎಂದು ಯಾರಾದರೂ ಆಕ್ಷೇಪಿಸಿದರೆ ಅದು ನ್ಯಾಯವೇ. ಹಾಗಾದರೆ ಬಳಕೆಯನ್ನೇ ನೋಡೋಣ.

ಈ ಪದ ಇಂದಿಗೂ ಬದುಕಿರುವುದು ವೈದ್ಯರ ನಡುವೆ. ಹುಳುಕು ಹಲ್ಲನ್ನು ಕೊರೆಯುವಾಗ ದಂತದ್ರವ್ಯದ ಸಂವೇದನೆ ತಗ್ಗಿಸುವ ಔಷಧಗಳಿಗೆ ದಂತವೈದ್ಯದಲ್ಲಿ ‘ಅಬ್ಟಂಡೆಂಟ್’ ಎಂದು ಹೆಸರು. ನಮ್ಮ ಮನೆಗಳಲ್ಲಿ ಹತ್ತಿಯುಂಡೆಗೆ ಅದ್ದಿ ಹಲ್ಲಿನ ಕುಳಿಗೆ ಒತ್ತುವ ಲವಂಗದೆಣ್ಣೆಯೂ ಆ ಪಟ್ಟಿಯಲ್ಲಿದೆ. ಮೊದಲು ಚುರ್ರೆಂದು ಉರಿಸಿ, ಆಮೇಲೆ ಜೋಮು ಹಿಡಿಸುವುದು ಅದರೊಳಗಿನ ಯೂಜಿನಾಲ್. ತುರ್ತುಚಿಕಿತ್ಸೆಯ ಕೋಣೆಯಲ್ಲಿ ‘ಅಬ್ಟಂಡೆಡ್’ ಎಂದು ಬರೆದರೆ, ಕರೆದಾಗ ತಡವಾಗಿ ಓಗೊಟ್ಟು ಮತ್ತೆ ಮಂಪರಿಗೆ ಜಾರುವ ರೋಗಿ ಎಂದು ತಿಳಿಯಬೇಕು.

ಗಟ್ಟಿಯಾದ ಆಕ್ಷೇಪ ಬರುವುದು ಇಲ್ಲೇ, ಅದೂ ವೈದ್ಯರಿಂದಲೇ. ಒಬ್ಬರಿಗೆ ‘ಅಬ್ಟಂಡೆಡ್’ ಆದವನು ಇನ್ನೊಬ್ಬರಿಗೆ ಬರೀ ತೂಕಡಿಸುವವನು, ಗಡಿ ಯಾವುದು? ಈ ಗೊಂದಲ ತಪ್ಪಿಸಲೆಂದೇ 1974ರಲ್ಲಿ ಗ್ಲ್ಯಾಸ್ಗೋದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ ಕಣ್ಣು, ಮಾತು, ಚಲನೆಗಳನ್ನು ಪರೀಕ್ಷಿಸಿ ಅಂಕ ಕೊಡುವ ಮಾಪಕವೊಂದನ್ನು ರೂಪಿಸಿದರು. ಇಂದು ಬಳಕೆಯಲ್ಲಿರುವ ರೂಪದಲ್ಲಿ ಕನಿಷ್ಠ 3, ಗರಿಷ್ಠ 15. ಒಂದು ಪಾಳಿಯವರು ಇನ್ನೊಂದು ಪಾಳಿಯವರಿಗೆ ರೋಗಿಯನ್ನು ಒಪ್ಪಿಸುವಾಗ ಈ ಅಂಕವೇ ಮೇಲು, ಅದನ್ನು ಒಪ್ಪಲೇಬೇಕು. ಆದರೆ ಅಂಕ ಹೇಳುವುದು ಎಷ್ಟು ಎಂಬುದನ್ನು ಮಾತ್ರ. ‘ಅಬ್ಟಂಡೆಡ್’ ಎಂಬ ಕರ್ಮಣಿ ರೂಪ, ಯಾವುದರಿಂದ ಎಂದು ಕೇಳುವಂತೆ ಮಾಡುತ್ತದೆ: ತಲೆಗೆ ಬಿದ್ದ ಪೆಟ್ಟೋ, ನಿದ್ರೆಮಾತ್ರೆಯೋ, ರಕ್ತದ ಸಕ್ಕರೆ ಇಳಿದದ್ದೋ? ಹಳೆಯ ಬೇರಿನ ಆ ಪೆಟ್ಟು ಇಂದಿನ ಬಳಕೆಯಲ್ಲೂ ಉಳಿದಿದೆ ಎಂದು ನಾನು ಹೇಳುವುದು ಇದಕ್ಕೇ. ಕತೆ, ಲೇಖನಗಳಿಗೆ ಇದನ್ನು ಒಡವೆಯಂತೆ ತೊಡಿಸುವುದು ಬೇಡ. ಬರೆಯಲೇಬೇಕಾದಾಗ, ಮೊಂಡು ಮಾಡಿದ್ದು ಯಾವುದು ಎಂಬುದನ್ನೂ ಅದರ ಪಕ್ಕದಲ್ಲೇ ಬರೆಯಿರಿ.