ಮಧ್ಯಮ, ನಿಷಾದ ಮತ್ತು ನಾನು

ಎಂಟನೆಯ ವಯಸ್ಸಿನಲ್ಲಿ ನನ್ನನ್ನು ಸಂಗೀತ ಪಾಠಕ್ಕೆ ಕೂರಿಸಿದರು. ಸರಳೆ ವರಸೆಯಲ್ಲಿ ಸ, ರಿ, ಗ ಹೇಗೋ ಹೊರಟವು. ಮಧ್ಯಮ ಜಾರಿತು, ನಿಷಾದವಂತೂ ದಕ್ಕಲೇ ಇಲ್ಲ. ಮೂರು ತಿಂಗಳಾದ ಮೇಲೆ ಮೇಷ್ಟ್ರು ನಮ್ಮ ತಂದೆಯವರನ್ನು ಕರೆದು, "ಹುಡುಗನಿಗೆ ಓದು ಚೆನ್ನಾಗಿ ಬರುತ್ತದಲ್ಲ, ಅದನ್ನೇ ಮುಂದುವರಿಸಿ" ಎಂದರು.

ಆದುದರಿಂದಲೇ ಜಪಾನಿನ ಇಸಾವಾ ಶೂಜಿಯ ಕಥೆ ಓದಿದಾಗ ಒಡಹುಟ್ಟಿದವನನ್ನು ಕಂಡಂತಾಯಿತು. 1872ರ ಶಿಕ್ಷಣ ಶಾಸನದಲ್ಲಿ ಜಪಾನ್ ಸರಕಾರ ಶಾಲೆಯ ಪಾಠಗಳ ಪಟ್ಟಿಗೆ ಹಾಡುಗಾರಿಕೆಯನ್ನೂ ಸೇರಿಸಿ, ಜೊತೆಗೇ "ಸದ್ಯಕ್ಕೆ ಬಿಡಬಹುದು" ಎಂದೂ ಬರೆದಿತ್ತು. 1875ರಲ್ಲಿ ಅಧ್ಯಾಪಕ ಶಿಕ್ಷಣಕ್ಕೆಂದು ಅಮೆರಿಕಕ್ಕೆ ಹೋದ ಇಸಾವಾನಿಗೆ ಮಿಕ್ಕೆಲ್ಲ ಪಾಠಗಳೂ ಬಂದವು. ಪಾಶ್ಚಾತ್ಯ ಸ್ವರಶ್ರೇಣಿಯ ನಾಲ್ಕನೆಯ ಮತ್ತು ಏಳನೆಯ ಸ್ವರಗಳು ಮಾತ್ರ ಕಂಠಕ್ಕೆ ಒಲಿಯಲಿಲ್ಲ. ಅಂದರೆ ನಮ್ಮ ಮ ಮತ್ತು ನಿ! ಮುಖ್ಯಾಧ್ಯಾಪಕರು ಕನಿಕರದಿಂದ ವಿನಾಯಿತಿ ಕೊಡಬಂದಾಗ ಮೂರು ದಿನ ಅತ್ತನಂತೆ. ಬಳಿಕ ಬಾಸ್ಟನ್ನಿನ ಲೂಥರ್ ವೈಟಿಂಗ್ ಮೇಸನ್ನನ ಬಳಿ ಕಲಿತ. 1880ರಲ್ಲಿ ಆ ಗುರುವೇ ಟೋಕಿಯೋಗೆ ಬಂದು ಜಪಾನೀ ಮಕ್ಕಳಿಗೆ ಹಾಡು ಕಲಿಸುವಂತಾಯಿತು. ನಾನೋ, ಅಳಲಿಲ್ಲ, ಗೋಲಿಯಾಡಲು ಓಡಿದೆ. ವ್ಯತ್ಯಾಸ ಅಷ್ಟೇ.

ಮ, ನಿ ಬಿಟ್ಟರೆ ಉಳಿಯುವುದು ನಮ್ಮ ಮೋಹನ. ಸ್ಕಾಟ್ಲೆಂಡಿನ ಹಲವು ಹಳೆಯ ಧಾಟಿಗಳೂ ಹಾಗೆಯೇ. 1881ರ ಮೊದಲ ಶಾಲಾ ಗೀತಸಂಪುಟದಲ್ಲಿ ಅಂಥದೊಂದು ಧಾಟಿಗೆ ಜಪಾನೀ ಮಾತುಗಳನ್ನು ಹೊಂದಿಸಿದರು. "ಮಿಂಚುಹುಳುವಿನ ಬೆಳಕು" ಎಂಬ ಆ ಹಾಡನ್ನು ಹಾಡುತ್ತಲೇ ತಲೆಮಾರುಗಳ ಮಕ್ಕಳು ಶಾಲೆಯಿಂದ ಬೀಳ್ಕೊಂಡರು. ಕೊರಿಯನ್ನರು ಅದೇ ಧಾಟಿಯಲ್ಲಿ ದೇಶಗೀತೆಯನ್ನೇ ಹಾಡುತ್ತಿದ್ದರು. 1948ರಲ್ಲಿ ದಕ್ಷಿಣ ಕೊರಿಯಾ ಗಣರಾಜ್ಯವಾದಾಗ ಆನ್ ಇಕ್‌ಟೇ ರಚಿಸಿದ ಧಾಟಿ ಆ ಸ್ಥಾನಕ್ಕೆ ಬಂತು. ಟೋಕಿಯೋದಲ್ಲಿ ಓದಿದ ಚೀನದ ಲಿ ಷುತೊಂಗ್ 1915ರಲ್ಲಿ ಬರೆದ ಬೀಳ್ಕೊಡುಗೆಯ ಹಾಡಿನ ಧಾಟಿಯೂ ಅಮೆರಿಕದಿಂದ ಜಪಾನಿನ ದಾರಿಯಾಗಿ ಬಂದದ್ದು. ಎರವಲಿನ ಒಡವೆ ಊರಿನ ಮದುವೆಗಳಿಗೆಲ್ಲ ಒದಗಿದಂತೆ!

ಎರವಲಿಗೆ ನಾನು ಮುನಿಯಲಾರೆ. ಅಳುವಷ್ಟು ಒಲಿದರೆ ಹಾಡು ಯಾರದಾದರೇನು? ಆದರೆ ಈ ಸಡಗರದಲ್ಲಿ ಕೋಟೋ, ಶಾಮಿಸೆನ್‌ಗಳು ಬಹುಕಾಲ ತರಗತಿಯ ಹೊರಗೇ ನಿಂತವು. ಕೊನೆಗೆ 2002ರಲ್ಲಿ ಜಾರಿಗೆ ಬಂದ ಪಠ್ಯಕ್ರಮ, ಮಾಧ್ಯಮಿಕ ಶಾಲೆಯ ಮಕ್ಕಳು ಮೂರು ವರ್ಷಗಳಲ್ಲಿ ಒಂದಾದರೂ ದೇಶೀ ವಾದ್ಯವನ್ನು ಕೈಗೆತ್ತಿಕೊಳ್ಳಬೇಕೆಂದು ವಿಧಿಸಿತು. ಅಜ್ಜಿಯ ವಾದ್ಯವನ್ನು ಮೊಮ್ಮಗಳು ಮುಟ್ಟಲು ಸರಕಾರದ ಆಜ್ಞೆ ಬೇಕಾಯಿತು!

ಮೊನ್ನೆ ನನ್ನ ಮಗಳು ವರಸೆ ಒಪ್ಪಿಸುತ್ತ ಮಧ್ಯಮದಲ್ಲಿ ತಡವರಿಸಿ, "ಅಪ್ಪಾ, ಇದು ಬರೋದಿಲ್ಲ" ಎಂದಳು.

"ಮೂರು ದಿನ ಅಳು, ಬರುತ್ತದೆ" ಎಂದೆ.

"ನೀವು ಅತ್ತಿದ್ದಿರಾ?" ಎಂದು ಅಡಿಗೆಯ ಮನೆಯಿಂದ ಧ್ವನಿ ಕೇಳಿಸಿತು.