ಮ್ಯಾಮಿಗೆ ಹೆಸರೇ ಇರಲಿಲ್ಲ

ಕೆಲವು ದಿನಗಳಿಂದ ಒಬ್ಬಾಕೆ ತಲೆಯೊಳಗೆ ಕೂತುಬಿಟ್ಟಿದ್ದಾಳೆ. ಬರೆದು ಇಳಿಸದ ಹೊರತು ಎದ್ದು ಹೋಗುವ ಹಾಗೆ ಕಾಣುತ್ತಿಲ್ಲ. ಅದಕ್ಕೇ ಇದು.

'ಗಾನ್ ವಿತ್ ದ ವಿಂಡ್' ನಿಮ್ಮಲ್ಲಿ ಬಹಳಷ್ಟು ಜನ ನೋಡಿರುತ್ತೀರಿ. 1939ರ ಸಿನಿಮಾ, ಹತ್ತಿರ ಹತ್ತಿರ ನಾಲ್ಕು ಗಂಟೆ. ನೋಡಿದವರೆಲ್ಲ ಸ್ಕಾರ್ಲೆಟ್ ಓಹಾರಾಳ ಹಟದ ಬಗ್ಗೆ, ರೆಟ್ ಬಟ್ಲರನ ಮೀಸೆಯಂಚಿನ ನಗೆಯ ಬಗ್ಗೆ ಮಾತಾಡುತ್ತಾರೆ. ನನಗೆ ಮಾತ್ರ ಸಿನಿಮಾ ಮುಗಿದ ಮೇಲೂ ಉಳಿದದ್ದು ಆ ಮನೆಯ ಆಳು, ಮ್ಯಾಮಿ. ಮಂಚದ ಕಂಬ ಹಿಡಿದು ನಿಂತ ಸ್ಕಾರ್ಲೆಟ್‌ಳ ಸೊಂಟಕ್ಕೆ ದಾರ ಬಿಗಿಯುತ್ತಾ, "ಹೊರಗೆ ಹೋಗಿ ಹೊಟ್ಟೆಬಾಕಳ ಹಾಗೆ ತಿನ್ನಬೇಡ, ಇಲ್ಲೇ ತಿಂದು ಹೋಗು" ಅನ್ನೋ ಅರ್ಥದಲ್ಲಿ ಗದರುತ್ತಾಳಲ್ಲ, ಆಕೆ. ಇಡೀ ಮನೆಯಲ್ಲಿ ಯಾರ ಮನಸ್ಸಿನಲ್ಲಿ ಏನಿದೆ ಅಂತ ಸರಿಯಾಗಿ ಗೊತ್ತಿರುವುದು ಆಕೆಯೊಬ್ಬಳಿಗೇ.

ಕೊನೆಯ ಭಾಗದಲ್ಲಿ ಒಂದು ದೃಶ್ಯವಿದೆ. ರೆಟ್‌ನ ಪುಟ್ಟ ಮಗಳು ಕುದುರೆಯಿಂದ ಬಿದ್ದು ಸತ್ತಿದ್ದಾಳೆ. ಮನೆಗೆ ಬಂದ ಮೆಲನಿಯನ್ನು ಮ್ಯಾಮಿ ಮಹಡಿಗೆ ಕರೆದುಕೊಂಡು ಹೋಗುತ್ತಾಳೆ. ಮೆಟ್ಟಿಲು ಹತ್ತುತ್ತಾ ಹತ್ತುತ್ತಾ, ಅಳುತ್ತಾ, ಒಳಗೆ ಗಂಡ ಹೆಂಡತಿ ಒಬ್ಬರನ್ನೊಬ್ಬರು ಏನೆಲ್ಲ ಅಂದುಕೊಂಡರು ಅಂತ ಹೇಳುತ್ತಾಳೆ. ಅಷ್ಟೇ ದೃಶ್ಯ. ಆ ಜಗಳವನ್ನು ನಮಗೆ ತೋರಿಸುವುದೇ ಇಲ್ಲ. ಆದರೆ ಆಕೆಯ ದನಿಯಲ್ಲಿ ಕೇಳಿದ ಮೇಲೆ ಕಣ್ಣಾರೆ ಕಂಡಷ್ಟೇ ನೆನಪಿರುತ್ತದೆ. ನಟನೆ ಅಂದರೆ ಇದಪ್ಪಾ ಅನ್ನಿಸಿಬಿಡುತ್ತದೆ.

ಇಷ್ಟಾಗಿಯೂ ಆ ಪಾತ್ರಕ್ಕೆ ಒಂದು ಹೆಸರಿಲ್ಲ ಗಮನಿಸಿದ್ದೀರಾ? 'ಮ್ಯಾಮಿ' ಅನ್ನುವುದು ಹೆಸರಲ್ಲ, ಬಿಳಿಯರ ಮಕ್ಕಳನ್ನು ಸಾಕುವ ಕಪ್ಪು ಆಳಿಗೆ ಅಲ್ಲಿ ಇದ್ದ ಪದ. ನಮ್ಮ ಮನೆಗಳಲ್ಲೂ "ಕೆಲಸದವಳು ಬಂದ್ಲಾ?" ಅಂತಲೇ ತಾನೇ ಕೇಳೋದು, ಹೆಸರು ಹಿಡಿದು ಕೇಳುವವರು ಎಷ್ಟು ಜನ?

ಆ ಪಾತ್ರ ಮಾಡಿದಾಕೆಗೆ ಹೆಸರಿತ್ತು. ಹ್ಯಾಟಿ ಮೆಕ್‌ಡ್ಯಾನಿಯಲ್. ಆಸ್ಕರ್ ಗೆದ್ದ ಮೊದಲ ಕಪ್ಪು ವ್ಯಕ್ತಿ. (ಏಕವಚನದಲ್ಲಿ ಬರೆಯುತ್ತಿದ್ದೇನೆ, ಸಲಿಗೆಗೆ. ಗೌರವ ಕಮ್ಮಿಯಾಗಿ ಅಲ್ಲ.)

ಹುಟ್ಟಿದ್ದು 1893ರ ಜೂನ್ 10ರಂದು, ಕ್ಯಾನ್ಸಸ್ ರಾಜ್ಯದ ವಿಚಿಟಾ ಊರಲ್ಲಿ. ಹದಿಮೂರು ಮಕ್ಕಳಲ್ಲಿ ಕೊನೆಯವಳು. ಅಪ್ಪ ಅಮ್ಮ ಇಬ್ಬರೂ ಗುಲಾಮರಾಗಿ ಹುಟ್ಟಿದವರು. ಅಪ್ಪ ಹೆನ್ರಿ, ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದವರ ಸೈನ್ಯದ ಕಪ್ಪು ದಳ ಸೇರಿ ಹೋರಾಡಿದವನು. ಇಲ್ಲಿ ಒಂದು ಕ್ಷಣ ನಿಲ್ಲಿ. ಗುಲಾಮಗಿರಿ ಉಳಿಸಿಕೊಳ್ಳಲು ಹೊರಟವರ ವಿರುದ್ಧ ಬಂದೂಕು ಹಿಡಿದವನ ಮಗಳು, ಗುಲಾಮರ ಒಡೆಯರ ಕಾಲ ಕಳೆದುಹೋಯಿತಲ್ಲಾ ಅಂತ ನಿಟ್ಟುಸಿರು ಬಿಡುವ ಸಿನಿಮಾದಲ್ಲಿ ಗುಲಾಮಳಾಗಿ ನಟಿಸಿ ಜಗತ್ತಿಗೆ ಪರಿಚಯವಾದಳು. ಯಾರಾದರೂ ಕಥೆಯಲ್ಲಿ ಬರೆದಿದ್ದರೆ 'ಸ್ವಲ್ಪ ಜಾಸ್ತಿಯಾಯ್ತು' ಅಂತಿದ್ದೆ ನಾನು.

ಬೆಳೆದದ್ದು ಡೆನ್ವರ್‌ನಲ್ಲಿ. ಶಾಲೆಯಲ್ಲೇ ಪದ್ಯ ವಾಚನ, ಹಾಡು. ಆಮೇಲೆ ಅಣ್ಣ ಓಟಿಸ್ ಜೊತೆ ಊರೂರು ಸುತ್ತುವ ತಂಡದಲ್ಲಿ ಹಾಡು, ಹಾಸ್ಯ. 1920ರ ದಶಕದಲ್ಲಿ ಡೆನ್ವರ್ ರೇಡಿಯೋದಲ್ಲಿ ಹಾಡಿದಳು, ತಾನೇ ಬರೆದ ಬ್ಲೂಸ್ ಹಾಡುಗಳ ರೆಕಾರ್ಡೂ ಬಂದವು. ಇನ್ನೇನು ದಡ ಸೇರಿದೆ ಅನ್ನುವಷ್ಟರಲ್ಲಿ 1929ರಲ್ಲಿ ಷೇರು ಮಾರುಕಟ್ಟೆ ಕುಸಿಯಿತು, ತಂಡಗಳೆಲ್ಲ ಮುಚ್ಚಿದವು. ಮಿಲ್ವಾಕಿ ಹತ್ತಿರದ ಕ್ಲಬ್ ಮ್ಯಾಡ್ರಿಡ್ ಅನ್ನೋ ಜಾಗದಲ್ಲಿ ಸಿಕ್ಕ ಕೆಲಸ ಹೆಂಗಸರ ಶೌಚಾಲಯ ನೋಡಿಕೊಳ್ಳುವುದು. ಬರುವ ಹೋಗುವವರಿಗೆ ಟವೆಲ್ ಕೊಡುತ್ತಾ ಗುನುಗುತ್ತಿದ್ದವಳನ್ನು ಒಂದು ರಾತ್ರಿ ವೇದಿಕೆಗೆ ಹತ್ತಿಸಿದರಂತೆ. ಆಮೇಲೆ ವರ್ಷದ ಮೇಲೆ ಅಲ್ಲೇ ಗಾಯಕಿ.

1931ರಲ್ಲಿ ಲಾಸ್ ಏಂಜಲೀಸ್. ಅಣ್ಣ ಸ್ಯಾಮ್, ಅಕ್ಕ ಎಟ್ಟಾ ಆಗಲೇ ಅಲ್ಲಿದ್ದರು. ರೇಡಿಯೋದಲ್ಲಿ ಹೆಸರು ಬಂತು, ಆದರೆ ಸಂಬಳ ಎಷ್ಟು ಕಮ್ಮಿ ಅಂದರೆ ಬೇರೆಯವರ ಮನೆಗೆಲಸ ಬಿಡುವಂತಿರಲಿಲ್ಲ. ಅಂದರೆ ಹಗಲು ನಿಜವಾದ ಕೆಲಸದವಳು, ಅವಕಾಶ ಸಿಕ್ಕಾಗ ಸಿನಿಮಾದ ಕೆಲಸದವಳು! 1935ರ 'ಆಲಿಸ್ ಆಡಮ್ಸ್' ಸಿಕ್ಕರೆ ನೋಡಿ. ನಾಯಕಿ ಕ್ಯಾಥರೀನ್ ಹೆಪ್‌ಬರ್ನ್. ಬಡತನ ಮುಚ್ಚಿಟ್ಟು ಸಾಹುಕಾರರ ಹುಡುಗನನ್ನು ಊಟಕ್ಕೆ ಕರೆದ ಮನೆಯವರು, ಆ ಒಂದು ರಾತ್ರಿಗೆ ಬಾಡಿಗೆಗೆ ತಂದ ಕೆಲಸದವಳು ಹ್ಯಾಟಿ. ತಲೆಯ ಟೋಪಿ ಒಂದು ಕಡೆ ಜಾರಿದೆ, ಸುಡು ಸೆಕೆಯಲ್ಲಿ ಬಿಸಿ ಸೂಪ್ ಬಡಿಸುತ್ತಿದ್ದಾಳೆ, ಮುಖದಲ್ಲಿ ಮಾತ್ರ 'ನಿಮ್ಮ ನಾಟಕ ನನಗೆ ಗೊತ್ತು' ಅನ್ನೋ ಭಾವ. ನಕ್ಕು ನಕ್ಕು ಸಾಕಾಗುತ್ತದೆ, ಆಮೇಲೆ ಆಕೆ ಯಾರನ್ನು ನೋಡಿ ನಗುತ್ತಿದ್ದಳು ಅಂತ ಯೋಚನೆ ಶುರುವಾಗುತ್ತದೆ.

'ಗಾನ್ ವಿತ್ ದ ವಿಂಡ್'ನ ಮೊದಲ ಪ್ರದರ್ಶನ ಅಟ್ಲಾಂಟಾದಲ್ಲಿ, 1939ರ ಡಿಸೆಂಬರ್ 15ಕ್ಕೆ. ಊರೇ ಹಬ್ಬ. ಜಾರ್ಜಿಯಾ ರಾಜ್ಯದಲ್ಲಿ ಕರಿಯರು ಬಿಳಿಯರು ಒಟ್ಟಿಗೆ ಕೂರುವಂತಿರಲಿಲ್ಲ, ಹಾಗಾಗಿ ಸಿನಿಮಾದ ಕಪ್ಪು ಕಲಾವಿದರು ಯಾರೂ ಅಲ್ಲಿರಲಿಲ್ಲ. ಹ್ಯಾಟಿ ಬರದಿದ್ದರೆ ತಾನೂ ಹೋಗುವುದಿಲ್ಲ ಅಂತ ಕ್ಲಾರ್ಕ್ ಗೇಬಲ್ ಹಟ ಹಿಡಿದನಂತೆ, ಆಕೆಯೇ ಸಮಾಧಾನ ಮಾಡಿ ಕಳಿಸಿದಳು ಅಂತ ಹೇಳುತ್ತಾರೆ. ಹಿಂದಿನ ರಾತ್ರಿಯ ಸಂಭ್ರಮಕೂಟದಲ್ಲಿ ಗುಲಾಮರ ವೇಷ ಹಾಕಿ ಹಾಡಲು ಎಬೆನೀಜರ್ ಚರ್ಚಿನ ಕರಿಯರ ಗಾಯನ ತಂಡವನ್ನು ಕರೆಸಿದ್ದರು. ಅದರಲ್ಲಿ ಹತ್ತು ವರ್ಷದ ಒಬ್ಬ ಹುಡುಗನೂ ಇದ್ದ. ಹೆಸರು ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್. ಇದನ್ನು ಮೊದಲ ಸಲ ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದೆ.

ಎರಡೂವರೆ ತಿಂಗಳ ನಂತರ, 1940ರ ಫೆಬ್ರವರಿ 29. ಲಾಸ್ ಏಂಜಲೀಸಿನ ಆಂಬಾಸಡರ್ ಹೋಟೆಲಿನಲ್ಲಿ ಆಸ್ಕರ್ ಸಮಾರಂಭ. ಕರಿಯರಿಗೆ ಆ ಹೋಟೆಲಿಗೆ ಪ್ರವೇಶವಿಲ್ಲ. ನಿರ್ಮಾಪಕ ಸೆಲ್ಜ್‌ನಿಕ್ ವಿಶೇಷವಾಗಿ ಕೇಳಿಕೊಂಡು ಆಕೆಯನ್ನು ಒಳಗೆ ಬಿಡಿಸಿದ. ಆದರೆ ಚಿತ್ರತಂಡದ ಜೊತೆಗಲ್ಲ. ಗೋಡೆ ಪಕ್ಕದ ಒಂದು ಸಣ್ಣ ಮೇಜಿಗೆ, ಜೊತೆಗೆ ಬಂದಿದ್ದವನ ಮತ್ತು ತನ್ನ ಏಜೆಂಟನ ಜೊತೆ. ಅದೇ ಸಿನಿಮಾದಲ್ಲಿ ಮೆಲನಿಯಾಗಿದ್ದ ಒಲಿವಿಯಾ ಡಿ ಹ್ಯಾವಿಲ್ಯಾಂಡ್ ಅದೇ ಪೋಷಕ ನಟಿ ಪ್ರಶಸ್ತಿಗೆ ಸ್ಪರ್ಧೆಯಲ್ಲಿದ್ದಳು. ನಾನು ಮೇಲೆ ಹೇಳಿದ ಮೆಟ್ಟಿಲಿನ ದೃಶ್ಯದ ಇಬ್ಬರೂ! ಗೆದ್ದದ್ದು ಹ್ಯಾಟಿ. ಮುಡಿಗೆ ಬಿಳಿ ಗಾರ್ಡೇನಿಯಾ ಹೂ ಮುಡಿದು, ಗೋಡೆ ಪಕ್ಕದಿಂದ ಎದ್ದು ವೇದಿಕೆವರೆಗೆ ನಡೆದು ಬಂದಳು. ತನ್ನ ಜನಾಂಗಕ್ಕೂ ಚಿತ್ರರಂಗಕ್ಕೂ ಸದಾ ಹೆಮ್ಮೆ ತರುವವಳಾಗಿರಲಿ ಅನ್ನುವ ಅರ್ಥದ ಒಂದು ನಿಮಿಷದ ಮಾತಾಡಿ, ಗದ್ಗದಿತಳಾಗಿ ಇಳಿದಳು. ಆ ಭಾಷಣದ ತುಣುಕು ಈಗಲೂ ನೋಡಲು ಸಿಗುತ್ತದೆ. ನೋಡುವಾಗ ಆ ಮೇಜು ನೆನಪಿಟ್ಟುಕೊಂಡು ನೋಡಿ.

ಇಲ್ಲಿಗೇ ಮುಗಿದಿದ್ದರೆ ಇದೊಂದು ಗೆಲುವಿನ ಕಥೆ. ಆದರೆ ನನ್ನನ್ನು ಕಾಡುತ್ತಿರುವುದು ಇದರ ಮುಂದಿನದ್ದು.

ಪ್ರಶಸ್ತಿ ಬಂದ ಮೇಲೆ ಹಾಲಿವುಡ್ ಆಕೆಗೆ ಕೊಟ್ಟದ್ದೇನು? ಮತ್ತೆ ಕೆಲಸದವಳ ಪಾತ್ರ. ಮತ್ತೊಂದು. ಮಗದೊಂದು. ಬಿಳಿಯರು ಕೊಟ್ಟದ್ದು ಇಷ್ಟಾದರೆ ತನ್ನವರಿಂದಲೇ ಬೈಗುಳ. ಕರಿಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿಯ ವಾಲ್ಟರ್ ವೈಟ್ 1942ರ ಹೊತ್ತಿಗೆ ಹಾಲಿವುಡ್ಡಿಗೇ ಬಂದು, ಇಂಥ ನಗಿಸುವ, ನಡುಬಗ್ಗಿಸುವ ಆಳಿನ ಪಾತ್ರಗಳು ನಿಲ್ಲಬೇಕು ಅಂತ ಸ್ಟುಡಿಯೋದವರ ಜೊತೆ ಮಾತಾಡಿದ. ಅಂಥ ಪಾತ್ರ ಮಾಡುವವರ ಮೇಲೂ ಸಿಟ್ಟು ತಿರುಗಿತು. ಹ್ಯಾಟಿ ಕೊಟ್ಟಳು ಅನ್ನಲಾಗುವ ಉತ್ತರ ಪ್ರಸಿದ್ಧ: ಕೆಲಸದವಳಾಗಿ ದುಡಿದು ಪುಡಿಗಾಸು ತರುವುದಕ್ಕಿಂತ, ಕೆಲಸದವಳ ಪಾತ್ರ ಮಾಡಿ ವಾರಕ್ಕೆ ಏಳುನೂರು ಡಾಲರ್ ತರುವುದು ಮೇಲಲ್ಲವೇ ಅಂತ.

ಯಾರು ಸರಿ? ನಾನು ಎಷ್ಟು ಸಲ ಈ ಕಡೆ ಆ ಕಡೆ ಹೊರಳಿದ್ದೇನೋ ಲೆಕ್ಕವಿಲ್ಲ. ವೈಟ್ ಹೇಳಿದ್ದು ಸುಳ್ಳಲ್ಲ. ತೆರೆಯ ಮೇಲೆ ಕಪ್ಪು ಹೆಂಗಸು ಅಂದರೆ ನಗುನಗುತ್ತಾ ಸೇವೆ ಮಾಡುವವಳು ಅಂತ ಕೋಟ್ಯಂತರ ಜನ ಕಲಿತರೆ, ಅದರ ಬೆಲೆ ತೆರುವುದು ಬೀದಿಯಲ್ಲಿ ನಡೆಯುವ ನಿಜವಾದ ಹೆಂಗಸರು. ಆದರೆ ಆ ಪಾತ್ರ ಬಿಟ್ಟರೆ ಆಕೆಗೆ ಉಳಿದಿದ್ದೇನು? ನಾಯಕಿಯ ಪಾತ್ರವಲ್ಲ, ಮತ್ತೆ ಆ ಟವೆಲ್ಲು. ಪಾತ್ರ ಬರೆಯುವ ಪೆನ್ನು ಆಕೆಯ ಕೈಯಲ್ಲಿರಲಿಲ್ಲ, ಆದರೂ ಲೆಕ್ಕ ಕೇಳಿದ್ದು ಆಕೆಯನ್ನು. ನನಗೆ ಅನ್ಯಾಯ ಅನ್ನಿಸುವುದು ಇದೇ.

ಇನ್ನೊಂದು ವಿಷಯ. ಆಕೆ ಸುಮ್ಮನೆ ತಲೆಬಾಗಿಸಿಕೊಂಡು ಇದ್ದವಳಲ್ಲ. ಲಾಸ್ ಏಂಜಲೀಸಿನ ವೆಸ್ಟ್ ಆಡಮ್ಸ್ ಭಾಗದಲ್ಲಿ ದೊಡ್ಡ ಮನೆ ಕೊಂಡಳು. ಅಲ್ಲಿನ ಮನೆಗಳನ್ನು ಕರಿಯರಿಗೆ ಮಾರಬಾರದು ಅಂತ ಹಳೆಯ ಕರಾರಿತ್ತು. ಬಿಳಿ ನೆರೆಯವರು ಕೋರ್ಟಿಗೆ ಹೋದರು. ಹ್ಯಾಟಿ, ಲೂಯಿಸ್ ಬೀವರ್ಸ್, ಎಥೆಲ್ ವಾಟರ್ಸ್ ಮುಂತಾದವರೆಲ್ಲ ಜೊತೆಯಾಗಿ ನಿಂತರು. 1945ರ ಡಿಸೆಂಬರಿನಲ್ಲಿ ನ್ಯಾಯಾಧೀಶ ಥರ್ಮಂಡ್ ಕ್ಲಾರ್ಕ್ ಸ್ಥಳ ನೋಡಿ ಬಂದು, ಸಂವಿಧಾನದ 14ನೇ ತಿದ್ದುಪಡಿಯ ಹಕ್ಕು ಇವರಿಗೂ ಇದೆ ಅಂತ ಕೇಸು ವಜಾ ಮಾಡಿದ. ಇಂಥ ಕರಾರುಗಳನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ತೆರೆಯ ಮೇಲೆ ಬೇರೆಯವರ ಮನೆ ಗುಡಿಸಿದವಳು, ತೆರೆಯಾಚೆ ತನ್ನ ಮನೆಗಾಗಿ ನಿಂತು ಗೆದ್ದಳು. 1947ರಲ್ಲಿ ರೇಡಿಯೋದ 'ಬ್ಯೂಲಾ' ಕಾರ್ಯಕ್ರಮದ ಮುಖ್ಯ ಪಾತ್ರ ಸಿಕ್ಕಿತು. ಅದೂ ಕೆಲಸದವಳದ್ದೇ. ಆದರೆ ಕರಿಯರ ಮಾತು ಅಂತ ಬಿಳಿಯರು ಕಟ್ಟಿಕೊಂಡಿದ್ದ ಮುರುಕು ಇಂಗ್ಲಿಷ್ ಆಡುವುದಿಲ್ಲ ಅಂತ ಷರತ್ತು ಹಾಕಿಯೇ ಒಪ್ಪಿದ್ದು.

1952ರ ಅಕ್ಟೋಬರ್ 26ರಂದು, 59ನೇ ವಯಸ್ಸಿನಲ್ಲಿ, ಸ್ತನ ಕ್ಯಾನ್ಸರಿನಿಂದ ತೀರಿಕೊಂಡಳು. ಹಾಲಿವುಡ್ ಸ್ಮಶಾನದಲ್ಲಿ ಮಣ್ಣು ಮಾಡಿ ಅನ್ನುವುದು ಕೊನೆಯ ಆಸೆ. ಆ ಸ್ಮಶಾನ ಬಿಳಿಯರಿಗೆ ಮಾತ್ರ. ಸತ್ತ ಮೇಲೂ ಗೋಡೆ ಪಕ್ಕದ ಮೇಜೇ! ರೋಸ್‌ಡೇಲ್ ಸ್ಮಶಾನದಲ್ಲಿ ಜಾಗ ಸಿಕ್ಕಿತು. 1999ರಲ್ಲಿ ಹಾಲಿವುಡ್ ಸ್ಮಶಾನದ ಹೊಸ ಮಾಲೀಕರು ಅಲ್ಲಿಗೆ ತಂದು ಹೂಳೋಣ ಅಂದರಂತೆ. ಮನೆಯವರು ಬೇಡ ಅಂದರು. ಆಮೇಲೆ ಅಲ್ಲಿ ಒಂದು ನೆನಪಿನ ಕಲ್ಲು ನಿಲ್ಲಿಸಿದರು.

ಆಸ್ಕರ್ ಕಥೆಯೂ ಹಾಗೇ. ಆಗ ಪೋಷಕ ಪಾತ್ರದವರಿಗೆ ಈಗಿನಂಥ ಬೊಂಬೆ ಕೊಡುತ್ತಿರಲಿಲ್ಲ, ಒಂದು ಫಲಕ ಅಷ್ಟೇ. ಅದನ್ನು ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯಕ್ಕೆ ಬರೆದಿಟ್ಟಿದ್ದಳು. ಅದು ಅಲ್ಲಿಂದ ಕಾಣೆಯಾಯಿತು. ಕೊನೆಗೆ 2023ರ ಅಕ್ಟೋಬರಿನಲ್ಲಿ ಅಕಾಡೆಮಿಯವರು ಅಂಥದ್ದೇ ಇನ್ನೊಂದು ಮಾಡಿಸಿ ವಿಶ್ವವಿದ್ಯಾಲಯಕ್ಕೆ ಕೊಟ್ಟರು.

ಆಕೆಯ ನಂತರ ಇನ್ನೊಬ್ಬ ಕಪ್ಪು ನಟಿ ಆಸ್ಕರ್ ಗೆಲ್ಲಲು 51 ವರ್ಷ ಬೇಕಾಯಿತು, 1991ರಲ್ಲಿ ವೂಪಿ ಗೋಲ್ಡ್‌ಬರ್ಗ್. 2010ರಲ್ಲಿ ಮೊನಿಕ್ ಗೆದ್ದಾಗ ಹ್ಯಾಟಿಯ ಹಾಗೆ ನೀಲಿ ಉಡುಪು ತೊಟ್ಟು, ಮುಡಿಗೆ ಗಾರ್ಡೇನಿಯಾ ಇಟ್ಟುಕೊಂಡು ಬಂದಿದ್ದಳು. ತಾನು ಸಹಿಸಬೇಕಾಗಿ ಬರದಿರಲಿ ಅಂತ ಅಷ್ಟನ್ನೆಲ್ಲ ಸಹಿಸಿದಾಕೆಗೆ ವಂದನೆ ಅಂತ ಹೇಳಿದಳು.

2020ರಲ್ಲಿ ಈ ಸಿನಿಮಾವನ್ನು ಎಚ್‌ಬಿಒ ಮ್ಯಾಕ್ಸ್‌ನವರು ಸ್ವಲ್ಪ ದಿನ ತೆಗೆದು, ಹಿನ್ನೆಲೆ ವಿವರಿಸುವ ಮಾತು ಸೇರಿಸಿ ವಾಪಸ್ ಹಾಕಿದರು. ಇಂಥ ಸಿನಿಮಾ ನೋಡಲೇಬಾರದು ಅನ್ನುವ ಸ್ನೇಹಿತರು ನನಗಿದ್ದಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ನೋಡದೇ ಹೋದರೆ ಮೊದಲು ಮರೆಯಾಗುವವರು ಸ್ಕಾರ್ಲೆಟ್, ರೆಟ್ ಅಲ್ಲ. ಅವರಿಗೆ ಹೇಗೂ ಪೋಸ್ಟರಿದೆ. ಹೆಸರಿಲ್ಲದ ಪಾತ್ರಕ್ಕೆ ಜೀವ ತುಂಬಿದ ಆ ಹೆಂಗಸು ಮರೆಯಾಗುತ್ತಾಳೆ. ಹಾಗಾಗಿ ನನ್ನ ಮಟ್ಟಿಗೆ, ನೋಡಬೇಕು. ಸಿನಿಮಾ ಹೇಳುವ ಕಥೆಯನ್ನು ನಂಬದೆ, ಆಕೆಯನ್ನು ಮಾತ್ರ ನಂಬಿ ನೋಡಬೇಕು.

ನಿಮಗೇನನ್ನಿಸುತ್ತದೆ? ಆಕೆ ಆ ಪಾತ್ರಗಳನ್ನು ಬೇಡ ಅನ್ನಬೇಕಿತ್ತಾ? ಹೌದು ಅನ್ನುವವರೂ ಬರೆಯಿರಿ, ಜಗಳವಾಡೋಣ :)