ಪರದೆಯ ಮೇಲೆ ರಾಣಿ, ಟೆಂಟಿನೊಳಗೆ ನಾವು

ನನ್ನ ಪಿಎಚ್.ಡಿ. ವಿಷಯ ನ್ಯೂಸ್‌ರೀಲ್ ಎಂದರೆ, ಮೊದಲು ಅದೇನು ಎಂದು ವಿವರಿಸಬೇಕಾಗುತ್ತದೆ. ಟೀವಿ ಮನೆಗೆ ಬರುವ ಮುಂಚೆ ದೇಶದ ಸುದ್ದಿಯನ್ನು ಜನ ಕಣ್ಣಾರೆ ಕಾಣುತ್ತಿದ್ದುದು ಸಿನಿಮಾ ಪರದೆಯ ಮೇಲೆ. ಮುಖ್ಯ ಚಿತ್ರಕ್ಕೆ ಮೊದಲು ಹತ್ತು ನಿಮಿಷ ಅಣೆಕಟ್ಟು, ನೆರೆ, ಮಂತ್ರಿಗಳ ಶಂಕುಸ್ಥಾಪನೆ, ವಿದೇಶಿ ಗಣ್ಯರ ಮೆರವಣಿಗೆ, ಕ್ರಿಕೆಟ್. ನಮ್ಮಲ್ಲಿ ಅವನ್ನು ತಯಾರಿಸುತ್ತಿದ್ದುದು 1948ರಲ್ಲಿ ಆರಂಭವಾದ ಫಿಲ್ಮ್ಸ್ ಡಿವಿಷನ್. ಅದು ಕಳಿಸಿದ್ದನ್ನು ತೋರಿಸುವುದು ಪ್ರತಿ ಟಾಕೀಸಿನ ಲೈಸೆನ್ಸಿನ ಷರತ್ತು. ಮೇಲಾಗಿ ಮಾಲೀಕರು ಅದಕ್ಕೆ ಬಾಡಿಗೆಯನ್ನೂ ಕಟ್ಟಬೇಕಿತ್ತು. ಅಂದರೆ ನೆಲದ ಟಿಕೆಟ್ಟು ಕೊಂಡವರ ಪುಡಿಗಾಸಿನಲ್ಲೂ ಸರ್ಕಾರದ ಸುದ್ದಿಗೆ ಒಂದು ಪಾಲಿತ್ತು.

ಹೋಲಿಕೆಗೆಂದು ನಾನು ನೋಡತೊಡಗಿದ್ದು ನೆದರ್‌ಲೆಂಡ್ಸ್‌ನ ‘ಪಾಲಿಗೂನ್’ ನ್ಯೂಸ್‌ರೀಲುಗಳನ್ನು. ಹಿಲ್ವರ್ಸಮ್ ಊರಿನ ಸಂಗ್ರಹಾಲಯ ಅವುಗಳಲ್ಲಿ ಹಲವನ್ನು ಯಾರು ಬೇಕಾದರೂ ನೋಡಿ, ಬಳಸಿಕೊಳ್ಳುವಂತೆ ಅಂತರ್ಜಾಲದಲ್ಲಿ ತೆರೆದಿಟ್ಟಿದೆ. ಹಾಸ್ಟೆಲಿನ ವೈಫೈ ನೆಟ್ಟಗಿದ್ದ ರಾತ್ರಿಗಳಲ್ಲಿ ಒಂದಾದ ಮೇಲೊಂದು ನೋಡಿದೆ. ಫಿಲಿಪ್ ಬ್ಲೂಮೆಂಡಾಲ್ ಎಂಬ ಒಬ್ಬನೇ ನಿರೂಪಕ ಸುಮಾರು ನಲವತ್ತು ವರ್ಷ ಆ ದೇಶಕ್ಕೆ ಸುದ್ದಿ ಓದಿದ. ಅವನ ಭಾಷೆ ನನಗೆ ಬಾರದು, ಆದರೂ ದನಿಯ ಗತ್ತು ತಿಳಿಯುತ್ತದೆ.

ನಮ್ಮ ಫಿಲ್ಮ್ಸ್ ಡಿವಿಷನ್ ಹುಟ್ಟಿದ 1948ರಲ್ಲೇ, ಐವತ್ತು ವರ್ಷ ಆಳಿದ ವಿಲ್ಹೆಲ್ಮಿನಾ ರಾಣಿ ಪಟ್ಟ ಬಿಟ್ಟುಕೊಟ್ಟು, ಮಗಳು ಜೂಲಿಯಾನಾ ರಾಣಿಯಾದಳು. 1953ರ ಫೆಬ್ರವರಿ 1ರ ನಸುಕಿಗೆ ಕಡಲು ಒಡ್ಡುಗಳನ್ನು ಒಡೆದು ನುಗ್ಗಿ 1,836 ಜನ ಸತ್ತರು. ಜೂಲಿಯಾನಾ ರಬ್ಬರ್ ಬೂಟು ಹಾಕಿಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು ಕೆಸರಿನ ಊರುಗಳಲ್ಲಿ ಓಡಾಡಿದಳು. ಆ ಚಿತ್ರ ಡಚ್ಚರ ಮನಸ್ಸಿನಲ್ಲಿ ಈಗಲೂ ಉಳಿದಿದೆ. ನಮ್ಮ ಕಡೆ ಜಯಚಾಮರಾಜ ಒಡೆಯರು ಅಂಬಾರಿಯಲ್ಲಿ ಕೂತು ಸಾಗುವ ದಸರೆಯ ಹಳೆಯ ತುಣುಕುಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ಬೂಟಾಗಲಿ ಅಂಬಾರಿಯಾಗಲಿ, ಕ್ಯಾಮೆರಾ ಬಂದದ್ದು ಅರಸೊತ್ತಿಗೆಯನ್ನು ನೋಡಲಿಕ್ಕೇ. ಪಕ್ಕದಲ್ಲಿ ನಿಂತ ಜನಕ್ಕೆ ವಿವರಪಟ್ಟಿಯಲ್ಲಿ ಸಿಗುವ ಹೆಸರು ‘ಗುಂಪು’.

ಆ ಗುಂಪಿನಲ್ಲೂ ಇಲ್ಲದ ಜನ ಇನ್ನೊಂದಿಷ್ಟಿದ್ದರು. ಅವರು ಪರದೆಯ ಈಚೆ, ಮರಳ ಮೇಲೆ ಕೂತಿದ್ದರು. ನಾನು ಹುಟ್ಟಿ ಬೆಳೆದದ್ದು ಮಧುಗಿರಿಯಲ್ಲಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಹಳೆಯ ಮೈಸೂರು ಸಂಸ್ಥಾನದ ಬಯಲುಸೀಮೆ. ಪಾವಗಡವಂತೂ ಮದ್ರಾಸ್ ಪ್ರಾಂತ್ಯದ ನಡುವೆ ಚಾಚಿಕೊಂಡಿದ್ದ ತುಂಡು ನೆಲ. ಇಲ್ಲಿಯ ಎಷ್ಟೋ ಮಂದಿಗೆ ದಸರಾ, ನೆಹರೂ, ವಿಮಾನ, ಕಡಲು ಮೊದಲು ಕಂಡದ್ದು ಟೂರಿಂಗ್ ಟಾಕೀಸಿನ ಟೆಂಟಿನಲ್ಲಿ.

1961ರ ಫೆಬ್ರವರಿಯಲ್ಲಿ ಎಲಿಜಬೆತ್ ರಾಣಿ ಬೆಂಗಳೂರಿಗೆ ಬಂದಾಗ ರಾಜ್ಯಪಾಲರಾಗಿದ್ದವರು ಜಯಚಾಮರಾಜ ಒಡೆಯರೇ. ಆ ಭೇಟಿಯ ಸುದ್ದಿಚಿತ್ರವನ್ನು ನನ್ನಜ್ಜಿ ಟೆಂಟಿನಲ್ಲಿ ನೋಡಿದ್ದಳಂತೆ. ಏನು ನೆನಪಿದೆ ಅಂತ ಕೇಳಿದೆ.

“ಅವ್ನೇನ್ ಹೇಳೋನೋ, ನಮಗೇನ್ ತಿಳೀತಿತ್ತು? ರಾಣಿ ಕೈ ಆಡಿಸ್ದಾಗ ಮುಂದೆ ಕೂತಿದ್ ಹುಡುಗ್ರೆಲ್ಲ ತಿರುಗಿ ಕೈ ಆಡಿಸೋರು ಕಣ್ ಮಗ. ನಾನೂ ಆಡಿಸ್ದೆ. ಪಕ್ಕದಲ್ಲಿ ನಮ್ಮತ್ತೆ ಇದ್ರು, ಸೆರಗಿನ್ ಒಳಗೇ ಆಡಿಸ್ದೆ.”

ಸೆರಗಿನೊಳಗೆ ಆಡಿದ ಆ ಕೈಯನ್ನು ಯಾವ ಕ್ಯಾಮೆರಾವೂ ಹಿಡಿದಿಲ್ಲ. ನನ್ನ ಪ್ರಬಂಧದ ಮೂರನೆಯ ಅಧ್ಯಾಯ ಇರುವುದು ಇಂಥ ಕೈಗಳ ಬಗ್ಗೆ. ಒಂದು ವಿಚಾರಸಂಕಿರಣದಲ್ಲಿ ಹಿರಿಯರೊಬ್ಬರು, “ಮುದುಕರ ನೆನಪನ್ನು ಆಧಾರ ಅಂತ ಹೇಗಮ್ಮ ಒಪ್ಪೋದು?” ಎಂದರು. ನ್ಯಾಯವಾದ ಪ್ರಶ್ನೆಯೇ. ನೆನಪು ಇಸವಿ ತಪ್ಪುತ್ತದೆ, ಎರಡು ಸಿನಿಮಾಗಳನ್ನು ಒಂದು ಮಾಡುತ್ತದೆ. ಆದರೆ ರೀಲು ಮಾತ್ರ ನಿಜ ಹೇಳುತ್ತದೆಯೇ? ಯಾರ ಮುಂದೆ ನಿಲ್ಲಬೇಕು, ಎಲ್ಲಿ ಕತ್ತರಿಸಬೇಕು ಎಂದು ಅದಕ್ಕೂ ಯಾರೋ ಹೇಳಿಕೊಟ್ಟಿರುತ್ತಾರೆ. ಬ್ರಿಟಿಷರು ಯುದ್ಧಕಾಲದಲ್ಲಿ ಕಟ್ಟಿದ್ದ ಸುದ್ದಿಚಿತ್ರ ವಿಭಾಗ 1946ರಲ್ಲೇ ಮುಚ್ಚಿತ್ತು. ಹಾಗಾಗಿ 1947ರ ಆಗಸ್ಟ್ 15ರಂದು ಆ ದಿನವನ್ನು ಚಿತ್ರಿಸಲು ಸರ್ಕಾರದ ಬಳಿ ತನ್ನದೇ ಒಂದು ಘಟಕವಿರಲಿಲ್ಲ. ದೇಶ ಹುಟ್ಟಿದ ದಿನದ ಪಾಡೇ ಹೀಗಾದರೆ, ಶಿರಾದ ಸಂತೆಯನ್ನೋ ಕೊರಟಗೆರೆಯ ಕೆರೆಯನ್ನೋ ಯಾರು ಹಿಡಿದಿಟ್ಟಾರು?

ಈಗ ಪಾವಗಡಕ್ಕೆ ಕ್ಯಾಮೆರಾ ಬಂದಿದೆ. 2018ರಲ್ಲಿ ಮೊದಲ ಹಂತ ಶುರುವಾದ ಸೋಲಾರ್ ಪಾರ್ಕ್ ಸುಮಾರು 13,000 ಎಕರೆಯಲ್ಲಿ ಹರಡಿದೆ, 2,050 ಮೆಗಾವ್ಯಾಟ್ ಸಾಮರ್ಥ್ಯದ್ದು. ಡ್ರೋನ್ ಮೇಲೆ ಹಾರಿದರೆ ತಿರುಮಣಿ, ವಳ್ಳೂರು ಕಡೆಯ ನೆಲ ನೀಲಿ ಕೆರೆಯಂತೆ ಹೊಳೆಯುತ್ತದೆ. ಮಳೆಯಿಲ್ಲದ ಸೀಮೆಯಲ್ಲಿ ಅದೊಂದು ವಿಚಿತ್ರ ಸೊಗಸು. ಭೂಮಿಯನ್ನು ಗುತ್ತಿಗೆಗೆ ಕೊಟ್ಟ ರೈತರು, ಆ ಭೂಮಿಯಲ್ಲಿ ಕೂಲಿ ಮಾಡುತ್ತಿದ್ದ, ಗುತ್ತಿಗೆ ಹಣದಲ್ಲಿ ಪಾಲಿಲ್ಲದ ಹೆಂಗಸರು ಅಷ್ಟು ಎತ್ತರದಿಂದ ಕಾಣುವುದಿಲ್ಲ. ಹಳೆಯ ನ್ಯೂಸ್‌ರೀಲ್ ನೋಡಿ ಪಳಗಿದ ಕಣ್ಣಿಗೆ ಇದು ಹೊಸದೇನಲ್ಲ.

ಹಾಗಾಗಿ ರಜೆ ಸಿಕ್ಕಾಗಲೆಲ್ಲ ಎಂಬತ್ತು ದಾಟಿದವರನ್ನು ಹುಡುಕಿಕೊಂಡು ಈ ನಾಲ್ಕು ತಾಲ್ಲೂಕುಗಳ ಬಸ್ಸು ಹತ್ತುತ್ತೇನೆ. ಅವಸರಕ್ಕೆ ಕಾರಣವಿದೆ: ಫಿಲ್ಮಿನ ಡಬ್ಬಿಗಳಿಗೆ ಎಲ್ಲೋ ಒಂದು ತಣ್ಣನೆಯ ಕೋಣೆ ಸಿಕ್ಕೀತು, ಇವರಿಗೆ ಅದಿಲ್ಲ. ಹೋದ ಬೇಸಿಗೆಯಲ್ಲಿ ಪಾವಗಡದ ಕಡೆಯ ಒಬ್ಬ ತಾತ ಸಿಕ್ಕರು. ಹುಡುಗನಾಗಿದ್ದಾಗ ಟೆಂಟಿನಲ್ಲಿ ರೀಲು ಸುತ್ತುತ್ತಿದ್ದವರು. ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಎರಡು ತಾಸು ಮಾತಾಡಿದರು. ಎದ್ದು ಹೊರಟಾಗ ಕೇಳಿದರು: “ಅಷ್ಟೆಲ್ಲ ನೋಡಿದೀಯಲ್ಲಮ್ಮ, ಅದ್ರಾಗೆ ನಮ್ಮೂರು ಎಲ್ಲಾದ್ರೂ ಬಂದೈತಾ?”

ನಾನು ನೋಡಿದ ರೀಲುಗಳಲ್ಲಿ ಬಂದಿರಲಿಲ್ಲ. ಹಾಗೆಂದೇ ಹೇಳಿದೆ. ಅವರು ನಕ್ಕು, “ಹಂಗಾದ್ರೆ ಬರ್ಕೋ” ಅಂದರು. ಮತ್ತೆ ಕೂತು ಪೆನ್ನಿನ ಮುಚ್ಚಳ ತೆಗೆದೆ.